ಒದ್ದೆ ಕಲ್ಲಿನ ಒಲೆ

ಕಾಶಿಯ ಶಿವಾಲ ಘಾಟಿನ ಶೇಷಗಿರಿ ಭಟ್ಟರ ಮನೆಯಲ್ಲಿ ಶ್ರಾದ್ಧದ ಅಡುಗೆಯೆಂದರೆ ಸರಸ್ವತಮ್ಮನದೇ. ಕನ್ನಡನಾಡಿನಿಂದ ಬಂದ ಯಾತ್ರಿಕರು ಆಕೆಯ ವಡೆಯನ್ನು ನೆನೆಯುತ್ತಲೇ ರೈಲು ಹತ್ತುತ್ತಿದ್ದರು. ಗಂಡ ಹೋದ ಮೇಲೆ ಕಾಶಿಯಲ್ಲಿ ಆಕೆಗಿದ್ದ ನೆಲೆ ಆ ಒಲೆಯೊಂದೇ.

ಭಟ್ಟರದೊಂದು ಕಟ್ಟಳೆ. ಗ್ಯಾಸು ಮನೆಮಂದಿಗೆ, ಪಿತೃಗಳಿಗೆ ಸೌದೆಯೇ ಆಗಬೇಕು. ಅಂಗಳದಲ್ಲಿ ಹೂಡುವ ಮೂರು ಕಲ್ಲುಗಳು ಹಿಂದಿನ ದಿನವೆಲ್ಲ ಗಂಗೆಯಲ್ಲಿ ಮುಳುಗಿದ್ದು, ನೀರು ತೊಟ್ಟಿಕ್ಕುತ್ತಲೇ ಒಲೆಗೆ ಬರಬೇಕು. ಒಣಗಿದರೆ ಮಡಿ ಕೆಟ್ಟಿತು. ಹನ್ನೊಂದು ವರ್ಷ ಹಾಗೆಯೇ ನಡೆಯಿತು. ತೊಂಬತ್ತೆರಡರಲ್ಲಿ ಹೊಳೆ ಏರಿ ಹಳೆಯ ಕರಿಗಲ್ಲುಗಳು ಕೊಚ್ಚಿಹೋದವು. ಘಾಟಿನ ಮುರಿದ ಮೆಟ್ಟಿಲಿನಿಂದ ಚುನಾರಿನ ಮರಳುಗಲ್ಲಿನ ಮೂರು ತುಂಡು ತಂದು ಸರಸ್ವತಮ್ಮ ನೀರಲ್ಲಿಟ್ಟಳು.

ಮರುದಿನ ಬದರೀನಾರಾಯಣನ ತಂದೆಯ ಶ್ರಾದ್ಧ. ಬದರೀನಾರಾಯಣ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಮೇಷ್ಟ್ರು. ಅನ್ನ ಕುದಿಯುತ್ತಿತ್ತು. ಸರಸ್ವತಮ್ಮ ಉರಿ ನೋಡಲು ಬಗ್ಗಿದ್ದೇ ತಡ, ಪಟಾರನೆ ಕಲ್ಲು ಸಿಡಿಯಿತು. ಅನ್ನದ ಪಾತ್ರೆ ಮಗುಚಿತು, ಚೂರೊಂದು ಬಲಗಣ್ಣಿಗೆ ನಾಟಿತು.

ಕಣ್ಣು ಉಳಿಯಲಿಲ್ಲ. ಆಸ್ಪತ್ರೆಗೆ ನೋಡಲು ಬಂದ ಮೇಷ್ಟ್ರು ಸ್ಟೂಲು ಎಳೆದು ಕೂತರು.

"ಮರಳುಗಲ್ಲು ನೋಡೋಕೆ ಗಟ್ಟಿ, ಸರಸ್ವತಮ್ಮ. ಒಳಗೆಲ್ಲ ಸಣ್ಣ ಸಣ್ಣ ತೂತು. ಅದರಲ್ಲಿ ನಿಂತ ನೀರು ಆವಿಯಾಯ್ತು, ಹೊರಗೆ ದಾರಿ ಸಿಗಲಿಲ್ಲ. ಸಾಲದ್ದಕ್ಕೆ ಕಲ್ಲಿನ ಪರಮಾಣುಗಳು ಕೈಕೈ ಹಿಡಿದು ಸಾಲಾಗಿ ನಿಂತಿರ್ತವೆ. ಕಾವು ಏರಿದ ಹಾಗೆ ನಡುಗ್ತವೆ, ಜಾಗ ಸಾಲದೆ ಒಂದನ್ನೊಂದು ತಳ್ಳುತ್ವೆ. ಬೆಂಕಿ ಕಡೆ ಮೈ ಹಿಗ್ಗುತ್ತೆ, ಆಚೆ ಮೈ ತಣ್ಣಗೇ ಇರುತ್ತೆ. ಒಡೀದೆ ಇನ್ನೇನು?"

"ಹಾಗಾದ್ರೆ ನನ್ನ ಮಡಿ ಕೆಟ್ಟಿರಲಿಲ್ವೇ?"

"ಮಡಿಗೂ ಇದಕ್ಕೂ ಏನು ಸಂಬಂಧ? ಕಲ್ಲು ಒಣಗಿಸಿ ಹೂಡಬೇಕಿತ್ತು, ಅಷ್ಟೇ."

ಎರಡು ವಾರದಲ್ಲಿ ಮೊದಲ ಸಲ ಆಕೆಗೆ ಊಟ ರುಚಿಸಿತು.

ಪಟ್ಟಿ ಬಿಚ್ಚಿದ ದಿನವೇ ಭಟ್ಟರ ಮನೆಗೆ ಹೋದಳು. ಜಗಲಿಯಲ್ಲಿ ನಾಲ್ಕು ಜನ, ನಡುವೆ ಮೇಷ್ಟ್ರು.

"ಮುಟ್ಟೋ ಮೈಲಿಗೆಯೋ, ನಿನ್ನಿಂದ ಏನೋ ನಡೆದಿದೆ ಕಣಮ್ಮ," ಎಂದರು ಭಟ್ಟರು. "ಇಲ್ಲದಿದ್ರೆ ಗಂಗೆಯಲ್ಲಿ ಮಿಂದ ಕಲ್ಲು ಸಿಡಿಯುತ್ತಾ? ಶ್ರಾದ್ಧ ಮತ್ತೆ ಆಗಬೇಕು. ಅಡುಗೆಗೆ ಬೇರೆಯವರಿಗೆ ಹೇಳಿದೀನಿ."

ಸರಸ್ವತಮ್ಮ ಉಳಿದೊಂದು ಕಣ್ಣಲ್ಲಿ ಮೇಷ್ಟ್ರನ್ನು ನೋಡಿದಳು. "ಆಸ್ಪತ್ರೇಲಿ ಹೇಳಿದ್ರಲ್ಲ ಮೇಷ್ಟ್ರೇ, ಅದನ್ನೇ ಇಲ್ಲೂ ಹೇಳಿ."

ಮೇಷ್ಟ್ರು ಶಲ್ಯದ ಅಂಚು ತಿರುವಿದರು. "ನಮ್ಮಪ್ಪನ ವಿಷಯ ನೋಡಿ... ಭಟ್ಟರು ಹೇಳಿದ ಮೇಲೆ ಮತ್ತೆ ಮಾಡಿಸಿಬಿಡೋಣ."

"ಕಲ್ಲೇ ವಾಸಿ ಕಣಪ್ಪ," ಎಂದಳು ಸರಸ್ವತಮ್ಮ. "ಬಿಸಿ ತಾಗಿದರೆ ಸದ್ದಾದರೂ ಮಾಡುತ್ತೆ."

ಈಗ ಆಕೆ ಅಲ್ಲೇ ಹತ್ತಿರದ ಸೋನಾರ್‌ಪುರದ ಕಚೋರಿ ಅಂಗಡಿಯ ಹಿಂದೆ ಆಲೂಗಡ್ಡೆ ಸುಲಿಯುತ್ತಾಳೆ. ಬೆಳಿಗ್ಗೆ ಮೇಷ್ಟ್ರ ಸ್ಕೂಟರು ಆ ದಾರಿಯಲ್ಲೇ ಹೋಗುತ್ತದೆ. ಅಂಗಡಿ ಹತ್ತಿರವಾದಾಗ ಅವರಿಗೆ ಆಚೆ ಬದಿಯಲ್ಲೇ ಏನೋ ನೋಡುವುದಿರುತ್ತದೆ.