ಹತ್ತೊಂಬತ್ತನೇ ಮಹಡಿಯ ಗೋಡೆ

ಮದುವೆ ಮನೆಯಲ್ಲೋ ತೊಟ್ಟಿಲ ಮನೆಯಲ್ಲೋ ಊಟ ಮುಗಿದು ಹೆಂಗಸರು ಚಾಪೆಯ ಮೇಲೆ ಕುಳಿತಾಗ ಮಾತು ಒಂದಲ್ಲ ಒಂದು ಹೊತ್ತಿಗೆ ಅಲ್ಲಿಗೆ ಬಂದೇ ಬರುತ್ತದೆ. ಯಾರಿಗೋ ಯಾರೋ ಕಾಣಿಸಿದ್ದು, ಯಾರೋ ಹೆಸರು ಹಿಡಿದು ಕರೆದದ್ದು, ತಿರುಗಿ ನೋಡಿದರೆ ಯಾರೂ ಇಲ್ಲದ್ದು. ಅಂಥ ಮಾತು ಶುರುವಾದ ಕೂಡಲೇ ನಾನು ಎದ್ದು ಲೋಟ ತೊಳೆಯಲು ಹೋಗುತ್ತಿದ್ದೆ. ಹೆದರಿ ಅಲ್ಲ, ನಗು ತಡೆಯಲಾಗದೆ. ನಾನು ಓದಿದ್ದು ಕಾಸರಗೋಡಿನ ಒಂದು ಕಾನ್ವೆಂಟ್ ಶಾಲೆಯಲ್ಲಿ. ಮೋರಲ್ ಸಯನ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಎರಡು ಸಂಗತಿಗಳನ್ನು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿದ್ದರು. ಕಣ್ಣಿಗೆ ಕಾಣದ್ದಕ್ಕೆ ಹೆದರಬಾರದು. ಯಾರಾದರೂ ಕರೆದರೆ ಉತ್ತರ ಕೊಡದೆ ಇರಬಾರದು. ಈ ಎರಡನ್ನೂ ನಾನು ಒಂದೇ ದಿನ, ಒಂದೇ ಗಂಟೆಯೊಳಗೆ ಪಾಲಿಸಿದೆ. ಆ ದಿನದ ಬಗ್ಗೆ ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ನೀವು ನಂಬಬೇಕೆಂದೂ ಇದನ್ನು ಬರೆಯುತ್ತಿಲ್ಲ. ನಂಬದೆ ಇರುವುದು ಎಷ್ಟು ಸುಲಭ ಎಂದು ನನಗೆ ಗೊತ್ತುಂಟು.

ಈಗ ನಾವು ಊರಿಗೆ ಮರಳಿ ಬೋವಿಕಾನದಲ್ಲಿ ಮನೆ ಮಾಡಿಕೊಂಡಿದ್ದೇವೆ. ಆಗ ದುಬೈಯಲ್ಲಿದ್ದೆವು. ಮೊದಲ ಎಂಟು ವರ್ಷ ದೇರಾದ ಒಂದು ಗಲ್ಲಿಯಲ್ಲಿ, ನಾಲ್ಕು ಮಹಡಿಯ ಹಳೇ ಕಟ್ಟಡದಲ್ಲಿ. ಬಾಗಿಲ ಹೊರಗಿನ ಚಪ್ಪಲಿ ನೋಡಿಯೇ ಯಾರ ಮನೆಗೆ ಯಾರು ಬಂದಿದ್ದಾರೆ ಎಂದು ಹೇಳಬಹುದಿತ್ತು. ನಮ್ಮ ಪಕ್ಕದ ಮನೆಯಲ್ಲಿದ್ದವರು ವಾರಿಜಕ್ಕ, ನಮ್ಮ ಕಾಸರಗೋಡು ಕಡೆಯ ಮೀಂಜದವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ಗಂಡ ಐತಪ್ಪಣ್ಣ ಕಟ್ಟಡದ ಕೆಲಸದಲ್ಲಿ ಫೋರ್‌ಮನ್. ಬೆಳಿಗ್ಗೆ ಐದಕ್ಕೆ ಕಂಪೆನಿ ಬಸ್ಸು ಹತ್ತಿದರೆ ಸಂಜೆ ಏಳಕ್ಕೆ ಮನೆ. ಮಕ್ಕಳಿರಲಿಲ್ಲ. ಮನೆಯಲ್ಲಿ ತುಳು ಮಾತಾಡುವ ವಾರಿಜಕ್ಕ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಮತ್ತು ನನ್ನನ್ನು ಹೆಸರಿನಿಂದ ಕರೆದದ್ದು ನನಗೆ ನೆನಪಿಲ್ಲ. ನಾನು ಅವರಿಗೆ 'ಕಾನ್ವೆಂಟು'.

"ಒಂದು ಲೋಟ ಸಾರಿಗೂ ಥ್ಯಾಂಕ್ಸ್ ಹೇಳ್ತಿಯಲ್ಲ ಮಾರಾಯ್ತಿ, ಇನ್ನು ಪಾಯಸ ಕೊಟ್ರೆ ಎಂತ, ಕಾಲು ಹಿಡಿತಿಯಾ?" ಎನ್ನುತ್ತಿದ್ದರು.

ಅವರಿಗೆ ಶುಗರ್ ಇತ್ತು. ಒಮ್ಮೆ ಬೆಳಿಗ್ಗೆ ತಿಂಡಿ ತಿನ್ನದೆ ಮಾತ್ರೆ ನುಂಗಿ ಅಡಿಗೆಮನೆಯಲ್ಲಿ ಕುಸಿದಿದ್ದರು. ಅದಾದ ಮೇಲೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ನಮ್ಮ ಎರಡು ಅಡಿಗೆಮನೆಗಳ ನಡುವೆ ಇದ್ದದ್ದು ಒಂದೇ ತೆಳು ಗೋಡೆ. ದಿನಾ ಹನ್ನೊಂದು ಗಂಟೆಗೆ ಅವರು ಸೌಟಿನ ಹಿಡಿಯಿಂದ ಆ ಗೋಡೆಗೆ ಬಡಿಯಬೇಕು. ಎರಡು ಬೇಗ, ಒಂದು ನಿಧಾನ. ನಾನು ಈಚೆಯಿಂದ ಒಮ್ಮೆ ಬಡಿಯಬೇಕು. ಹನ್ನೊಂದಕ್ಕೆ ಬಡಿದರೆ ಚೆನ್ನಾಗಿದ್ದೇನೆ ಎಂದು ಅರ್ಥ. ಬೇರೆ ಹೊತ್ತಿನಲ್ಲಿ ಬಡಿದರೆ, ಕೂಡಲೇ ಬಾ ಎಂದು. ಆಗ ನಾನು ಒಮ್ಮೆ ಬಡಿದರೆ, ಇಗೋ ಬಂದೆ ಎಂದು. ಅವರ ಮನೆಯ ಇನ್ನೊಂದು ಕೀ ಕೆಂಪು ನೂಲು ಕಟ್ಟಿಕೊಂಡು ನನ್ನ ಅಡಿಗೆಮನೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಆರು ವರ್ಷದಲ್ಲಿ ಹಾಗೆ ನಾನು ಓಡಿಹೋದದ್ದು ಎರಡೇ ಸಲ. ಎರಡು ಸಲವೂ ಸಕ್ಕರೆ ನೀರು ಕುಡಿಸಿದ್ದೆ, ಎರಡು ಸಲವೂ ಬೈಸಿಕೊಂಡಿದ್ದೆ, ಸಕ್ಕರೆ ಜಾಸ್ತಿ ಹಾಕಿದ್ದಕ್ಕೆ.

ಆ ಊರಿನ ಬಗ್ಗೆ ನಾನು ಹೆಚ್ಚು ಹೇಳಲಾರೆ. ಹಗಲೆಲ್ಲ ಮನೆಯೊಳಗೆ ಇದ್ದವಳಿಗೆ ಊರು ಎಂದರೆ ಕಿಟಕಿ. ಮಗಳು ಕಿಟಕಿಯಲ್ಲಿ ನಿಂತು ಕ್ರೇನುಗಳನ್ನು ಎಣಿಸುತ್ತಿದ್ದಳು; ಹನ್ನೊಂದಿದ್ದದ್ದು ಹದಿನಾಲ್ಕಾಯಿತು ಎಂದು ಅಪ್ಪನಿಗೆ ವರದಿ ಕೊಡುತ್ತಿದ್ದಳು. ಒಂದು ತಿಂಗಳು ರಜೆಯಲ್ಲಿ ಊರಿಗೆ ಬಂದು ಹೋದರೆ ದಾರಿಗೆ ಗುರುತು ಹೇಳುತ್ತಿದ್ದ ಗ್ರೋಸರಿ ಅಂಗಡಿ ಅಲ್ಲಿರುತ್ತಿರಲಿಲ್ಲ, ರಸ್ತೆಯೇ ಬೇರೆ ಕಡೆ ತಿರುಗಿರುತ್ತಿತ್ತು. ಕೊನೆಗೆ ನಮ್ಮ ಕಟ್ಟಡಕ್ಕೂ ನೋಟೀಸು ಬಂತು. ಕೆಡವುತ್ತಾರಂತೆ, ಎಲ್ಲರೂ ಬಿಡಬೇಕು.

"ಈ ಕಟ್ಟಡ ಕಟ್ಟುವಾಗ ಇವರು ಹೊಸತಾಗಿ ಬಂದ ಹೆಲ್ಪರ್," ಎಂದರು ವಾರಿಜಕ್ಕ, ಗಂಡನನ್ನು ತೋರಿಸಿ. "ಇವರು ಇನ್ನೂ ಕೆಲಸಕ್ಕೆ ಹೋಗ್ತಾ ಇದ್ದಾರೆ, ಕಟ್ಟಡ ಮಾತ್ರ ರಿಟಾಯರ್."

ಐತಪ್ಪಣ್ಣ ನಗಲಿಲ್ಲ. ತನಗೂ ಅಲ್ಲಿ ಇನ್ನು ಹೆಚ್ಚು ದಿನ ಇಲ್ಲವೆಂದು ಅವರಿಗೆ ಗೊತ್ತಿತ್ತೇನೋ.

ನಾವು ಮೊದಲು ಹೊರಟೆವು. ನಮ್ಮವರ ಕಂಪೆನಿಯವರು ಊರಿನ ಇನ್ನೊಂದು ಕೊನೆಯಲ್ಲಿ, ಹೊಸ ಗೋಪುರದಂಥ ಕಟ್ಟಡದ ಹತ್ತೊಂಬತ್ತನೇ ಮಹಡಿಯಲ್ಲಿ ಫ್ಲ್ಯಾಟ್ ಕೊಟ್ಟಿದ್ದರು. ಮೆಟ್ರೋ, ಮತ್ತೆ ಬಸ್ಸು. ಒಂದು ಗಂಟೆಯ ದಾರಿ. ಅಲ್ಲಿ ಬಾಗಿಲ ಹೊರಗೆ ಚಪ್ಪಲಿ ಇಟ್ಟರೆ ಸೆಕ್ಯೂರಿಟಿಯವನು ಚೀಟಿ ಅಂಟಿಸಿ ಹೋಗುತ್ತಿದ್ದ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಬಾರದು. ಲಿಫ್ಟಿನ ತುಂಬ ಕನ್ನಡಿ. ಹತ್ತೊಂಬತ್ತು ಮಹಡಿ ಇಳಿಯುವವರೆಗೆ ನನ್ನ ಮುಖವನ್ನು ನಾನೇ ನೋಡಿಕೊಂಡಿರಬೇಕು. ಎರಡು ವಾರದಲ್ಲಿ ಪಕ್ಕದ ಮನೆಯವರ ಮುಖ ಒಮ್ಮೆಯೂ ಕಾಣಲಿಲ್ಲ. ಗೋಡೆಯ ಬದಲಿಗೆ ವಾರಿಜಕ್ಕನಿಂದ ಹನ್ನೊಂದಕ್ಕೆ ಒಂದು ಮಿಸ್ಡ್ ಕಾಲ್ ಬರುತ್ತಿತ್ತು, ನಾನೂ ಒಂದು ಕೊಡುತ್ತಿದ್ದೆ. ಸಾಮಾನು ಬಿಚ್ಚುವಾಗ ಕೆಂಪು ನೂಲಿನ ಕೀ ನಮ್ಮ ಚಮಚದ ಡಬ್ಬಿಯಲ್ಲಿ ಸಿಕ್ಕಿತು. ಮುಂದಿನ ಶುಕ್ರವಾರ ಹೋದಾಗ ಕೊಟ್ಟರಾಯಿತು ಎಂದು ಹಾಗೇ ಇಟ್ಟೆ.

ಅದು ಮಂಗಳವಾರ. ಹನ್ನೊಂದಕ್ಕೆ ಮಿಸ್ಡ್ ಕಾಲ್ ಬಂದಿತ್ತು, ನಾನೂ ಕೊಟ್ಟಿದ್ದೆ. ಹನ್ನೆರಡೂ ಕಾಲರ ಹೊತ್ತಿಗೆ ಅಡಿಗೆಮನೆಯಲ್ಲಿ ನಿಂತು ಅಲಸಂಡೆ ತುಂಡು ಮಾಡುತ್ತಿದ್ದೆ. ಸಿಂಕಿನ ಮೇಲಿನ ಗೋಡೆಯಿಂದ ಸದ್ದು ಬಂತು. ಎರಡು ಬೇಗ, ಒಂದು ನಿಧಾನ.

ನಾನು ಚಾಕುವಿನ ಹಿಡಿಯಿಂದ ಒಮ್ಮೆ ಬಡಿದೆ.

ಯೋಚಿಸಿ ಬಡಿದದ್ದಲ್ಲ. ಆರು ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು. ಇನ್ನೂ ಎರಡು ಅಲಸಂಡೆ ತುಂಡು ಮಾಡಿದ ಮೇಲೆ ನಾನು ಎಲ್ಲಿ ನಿಂತಿದ್ದೇನೆ ಎಂದು ನೆನಪಾಯಿತು. ಆ ಗೋಡೆಯ ಆಚೆ ಮನೆಯಿಲ್ಲ. ಅದು ಕಟ್ಟಡದ ಹೊರಗೋಡೆ. ಆಚೆ ಬರೀ ಬಿಸಿಲು, ಕೆಳಗೆ ಹತ್ತೊಂಬತ್ತು ಮಹಡಿ. ಗಾಜು ಒರೆಸುವವರು ಹಗ್ಗದ ತೊಟ್ಟಿಲಲ್ಲಿ ಇಳಿಯುತ್ತಿರಬಹುದು ಎಂದು ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಹಗ್ಗವೂ ಇರಲಿಲ್ಲ.

ವಾರಿಜಕ್ಕನಿಗೆ ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮತ್ತೊಮ್ಮೆ ಮಾಡಿದೆ. ನಮ್ಮವರಿಗೆ ಮಾಡಿದೆ.

"ಗೋಡೆ ಬಡಿದದ್ದಾ?" ಎಂದರು. "ಹೊಸ ಕಟ್ಟಡ ಅಲ್ವಾ, ಪೈಪಿನಲ್ಲಿ ಗಾಳಿ ಇರ್ತದೆ. ಅವರು ಮಲಗಿರ್ಬಹುದು. ನಿನ್ನನ್ನು ಕಾನ್ವೆಂಟಿಗೆ ಕಳಿಸಿದ್ದು ದಂಡ."

ನಾನೂ ನಕ್ಕೆ. ನಕ್ಕದ್ದು ನನಗೆ ಚೆನ್ನಾಗಿ ನೆನಪುಂಟು.

ಹೊರಡಬಹುದಿತ್ತು. ಆದರೆ ಒಂದೂ ಮುಕ್ಕಾಲಿಗೆ ಮಗಳ ಶಾಲೆಯ ಬಸ್ಸು ಗೇಟಿಗೆ ಬರುತ್ತಿತ್ತು. ತಾಯಿಯೋ ತಂದೆಯೋ ಕೆಳಗೆ ನಿಂತಿರದಿದ್ದರೆ ಮಗುವನ್ನು ಇಳಿಸುವುದಿಲ್ಲ. ಹೋಗಿ ಬರಲು ಎರಡು ಗಂಟೆ ಬೇಕು. ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಲು ಆ ಇಡೀ ಗೋಪುರದಲ್ಲಿ ನನಗೆ ಒಬ್ಬರೂ ಗೊತ್ತಿರಲಿಲ್ಲ. ಪೊಲೀಸಿಗೆ ಫೋನ್ ಮಾಡಬಹುದಿತ್ತು. ಎಂತ ಹೇಳುವುದು? ಐತಪ್ಪಣ್ಣನಿಗೆ ಒಂದು ಮೆಸೇಜ್ ಬರೆದೆ. 'ಅಕ್ಕ ಫೋನ್ ಎತ್ತುತ್ತಿಲ್ಲ, ಒಮ್ಮೆ ನೋಡಿ.' ಓದಿದೆ. ಅವರು ಎಲ್ಲೋ ಮೂವತ್ತನೇ ಮಹಡಿಯ ಮೇಲೆ ನಿಂತಿರುತ್ತಾರೆ, ಪೈಪಿನ ಸದ್ದಿಗೆ ಅವರನ್ನು ಗಾಬರಿ ಮಾಡುವುದೇ ಎನಿಸಿತು. ಅಳಿಸಿದೆ. ಆಮೇಲೆ ಸಾಂಬಾರಿಗೆ ಒಗ್ಗರಣೆ ಹಾಕಿದೆ.

ಸಂಜೆ ಏಳೂವರೆಗೆ ಐತಪ್ಪಣ್ಣನ ಫೋನ್ ಬಂತು. ಅವರು ಬಾಗಿಲು ತೆಗೆದಾಗ ವಾರಿಜಕ್ಕ ಅಡಿಗೆಮನೆಯ ನೆಲದ ಮೇಲಿದ್ದರಂತೆ. ಶುಗರ್ ಅಲ್ಲ, ಸ್ಟ್ರೋಕ್. ಬಲಭಾಗ ಪೂರ್ತಿ ಹೋಗಿತ್ತು, ಮಾತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಇವರು ಬಿದ್ದದ್ದು ಎಷ್ಟು ಹೊತ್ತಿಗೆ ಎಂದು. ಮೊದಲ ಕೆಲವು ಗಂಟೆಗಳಲ್ಲಿ ಕರೆತಂದಿದ್ದರೆ ಕೊಡುವ ಔಷಧಿ ಬೇರೆಯಂತೆ. ಯಾರಿಗೂ ಗೊತ್ತಿಲ್ಲ ಎಂದರು ಐತಪ್ಪಣ್ಣ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಹನ್ನೆರಡೂ ಕಾಲು ಎಂದು ಹೇಳಬಹುದಿತ್ತು.

ಮರುದಿನ ವಾರಿಜಕ್ಕನ ಬಟ್ಟೆ ತರಲು ನಾನು ಕೆಂಪು ನೂಲಿನ ಕೀ ಹಿಡಿದು ಹಳೇ ಕಟ್ಟಡಕ್ಕೆ ಹೋದೆ. ಅಕ್ಕಿ ನೀರಿನಲ್ಲಿ ನೆನೆದು ಹುಳಿ ವಾಸನೆ ಬರುತ್ತಿತ್ತು. ಫೋನು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇತ್ತು. ಸೌಟು ನೆಲದಲ್ಲಿ, ಗೋಡೆಯ ಬುಡದಲ್ಲಿ. ನೆಲದಿಂದ ಒಂದು ಗೇಣು ಮೇಲೆ ಗೋಡೆಯ ಬಣ್ಣ ಕಿತ್ತುಹೋಗಿತ್ತು, ಒಂದು ಕಡೆ ಅಲ್ಲ, ಅಂಗೈಯಗಲ ಜಾಗದಲ್ಲಿ ಹತ್ತಿಪ್ಪತ್ತು ಕಡೆ. ತುಂಬ ಹೊತ್ತು ಬಡಿದಿರಬೇಕು. ನನಗೆ ಕೇಳಿಸಿದ್ದು ಒಂದೇ ಸಲ.

ಪಕ್ಕದ ನಮ್ಮ ಹಳೇ ಮನೆಗೆ ಬಾಗಿಲೇ ಇರಲಿಲ್ಲ. ಕೆಲಸದವರು ಬಾಗಿಲು, ಕಿಟಕಿ, ಸಿಂಕು ಎಲ್ಲ ಕಳಚಿಕೊಂಡು ಹೋಗಿದ್ದರು. ಒಳಗೆ ಹೋಗಿ ಗೋಡೆಯನ್ನು ಈಚೆಯಿಂದ ನೋಡಿದೆ. ಕೀ ನೇತಾಡುತ್ತಿದ್ದ ಮೊಳೆ, ಕ್ಯಾಲೆಂಡರ್ ಇದ್ದ ಕಡೆ ಬಿಳಿ ಚೌಕ. ನೆಲದ ಧೂಳಿನಲ್ಲಿ ನನ್ನ ಹೆಜ್ಜೆ ಮಾತ್ರ.

ಎರಡು ತಿಂಗಳ ಮೇಲೆ ವಾರಿಜಕ್ಕನನ್ನು ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿಸಿದರು. ಮುಂದಿನ ವರ್ಷ ರಜೆಯಲ್ಲಿ ಬಂದಾಗ ನಾನು ಮೀಂಜಕ್ಕೆ ಹೋದೆ. ರಸ್ತೆ ಬದಿಯಲ್ಲೇ ಅವರು ಕಟ್ಟಿಸಿದ ಹೊಸ ತಾರಸಿ ಮನೆ, ಗಾಲಿಕುರ್ಚಿ ಜಾರುವಷ್ಟು ನುಣುಪಾದ ನೆಲ. ತಂಗಿ ಯಮುನಾ ನೋಡಿಕೊಳ್ಳುತ್ತಿದ್ದರು. ಮಾತು ಸ್ವಲ್ಪ ಸ್ವಲ್ಪ ಮರಳಿತ್ತು, ಬಾಯಿಯ ಒಂದು ಬದಿಯಿಂದ ಮಾತ್ರ.

"ಕಾನ್ವೆಂಟು," ಎಂದರು ನನ್ನನ್ನು ನೋಡಿ. ಆಮೇಲೆ ತಡೆತಡೆದು ಹೇಳಿದರು. "ಅವತ್ತು ಬಡಿದೆ. ನೀನು ಮನೆ ಬಿಟ್ಟದ್ದು ನೆನಪೇ ಇಲ್ಲ ನನಗೆ. ನೀನು ಒಂದು ಬಡಿದಿ. ಆಗ ಹೆದರಿಕೆ ಹೋಯ್ತು. ಈಗ ಬರ್ತಾಳೆ ಅಂತ ಸುಮ್ಮನೆ ಮಲಗಿದೆ."

"ಎಲ್ಲರ ಹತ್ರವೂ ಹೀಗೇ ಹೇಳುವುದು," ಎಂದರು ಯಮುನಾ, ನನಗೆ ಚಾ ಕೊಡುತ್ತಾ. "ಆ ಮನೆ ಖಾಲಿ ಇತ್ತಂತಲ್ಲ. ಭಾವ ಹೇಳಿದ್ದಾರೆ. ಇವಳಿಗೆ ತಲೆಗೆ ಪೆಟ್ಟಾಗಿ ಎಂತೆಂತದೋ ಕೇಳಿಸಿದ್ದು."

ವಾರಿಜಕ್ಕ ತಂಗಿಯ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. "ನೀನು ಬಡಿದದ್ದು ಹೌದಾ ಅಲ್ವಾ? ಇವಳಿಗೆ ಹೇಳು ಒಮ್ಮೆ."

ಹೌದು ಎಂದರೆ, ಕೇಳಿಯೂ ಬಾರದವಳು ನಾನು. ಅಲ್ಲ ಎಂದರೆ, ಆ ಹೆಂಗಸಿಗೆ ತಲೆ ಸರಿಯಿಲ್ಲ ಎಂದಾಗುತ್ತದೆ. ಚಾದ ಲೋಟ ಕೈ ಸುಡುತ್ತಿತ್ತು.

"ನಾನು ಅಲ್ಲಿ ಇರ್ಲಿಲ್ಲವಲ್ಲ ಅಕ್ಕ," ಎಂದೆ.

ಅದು ಸುಳ್ಳಲ್ಲ. ಸಿಸ್ಟರ್ ಎದುರು ನಿಂತು ಹೇಳಿದ್ದರೂ ಸುಳ್ಳು ಎಂದು ಹಿಡಿಯಲಾಗುತ್ತಿರಲಿಲ್ಲ. ವಾರಿಜಕ್ಕ, "ಹಾಗಾದ್ರೆ ತಲೆಯೇ ಇರ್ಬೇಕು," ಎಂದು ಮುಖ ಆಚೆ ತಿರುಗಿಸಿದರು.

ಹೊರಗೆ ಬಂದು ಚಪ್ಪಲಿ ಹಾಕುತ್ತಿದ್ದೆ. ಗೇಟಿನ ಹತ್ತಿರ ರಿಕ್ಷಾ ಕಾಯುತ್ತಿತ್ತು. ಆಗ ಕೇಳಿಸಿತು. ಎರಡು ಬೇಗ, ಒಂದು ನಿಧಾನ. ಈ ಸಲದ್ದರಲ್ಲಿ ವಿಚಿತ್ರ ಏನೂ ಇಲ್ಲ. ಅವರ ಮಂಚ ಇದ್ದದ್ದು ಜಗಲಿಯ ಗೋಡೆಗೆ ತಾಗಿ, ಎಡಗೈಯ ಹತ್ತಿರ ಔಷಧಿಯ ಚಮಚ ಇರುತ್ತಿತ್ತು. ಗೋಡೆಯ ಈಚೆ ಬದಿಯಲ್ಲಿ ನಾನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತಿದ್ದೆ.

ಬೆರಳಿನ ಗಂಟಿನಿಂದ ಒಮ್ಮೆ ಬಡಿದೆ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅವರು ಕಣ್ಣು ಮುಚ್ಚಿಕೊಂಡಿದ್ದರು. "ಇವತ್ತು ಬಂದಿ," ಎಂದರು. ಎಡಗೈಯ ಚಮಚ ಕೆಳಗಿಟ್ಟು, "ಅವತ್ತು ಮಗು ಶಾಲೆಯಿಂದ ಬರುವ ಹೊತ್ತಲ್ವಾ. ನನಗೆ ಆಮೇಲೆ ನೆನಪಾಯ್ತು."

ನಾನು ಮಂಚದ ಅಂಚಿನಲ್ಲಿ ಕುಳಿತೆ. ರಿಕ್ಷಾದವನು ಎರಡು ಸಲ ಹಾರ್ನ್ ಹೊಡೆದ. ಯಮುನಾ ಬಂದು, "ಎಂತ ಮರೆತದ್ದು?" ಎಂದು ಕೇಳಿದರು. ಏನೂ ಇಲ್ಲ ಎಂದೆ.

ಆ ಮಳೆಗಾಲದಲ್ಲಿ ವಾರಿಜಕ್ಕ ತೀರಿಕೊಂಡರು. ಅವರ ತಲೆ ಸರಿಯಿತ್ತು ಎಂದು ಯಮುನಾಗೂ ಐತಪ್ಪಣ್ಣನಿಗೂ ನಾನು ಈವರೆಗೆ ಹೇಳಿಲ್ಲ. ಈಗ ಇಲ್ಲಿ ಹೇಳಿದ್ದೇನೆ.

ನನಗೆ ಕೇಳಿಸಿದ್ದು ಪೈಪಿನ ಸದ್ದೇ ಇರಲಿ, ನಾನು ಒಪ್ಪುತ್ತೇನೆ. ಆದರೆ ನಾನು ಚಾಕುವಿನ ಹಿಡಿಯಿಂದ ಬಡಿದದ್ದು ಒಂದು ಗಂಟೆಯ ದಾರಿಯಾಚೆ, ಬಾಗಿಲಿಲ್ಲದ ಖಾಲಿ ಮನೆಯ ಗೋಡೆಯಿಂದ ಅವರಿಗೆ ಹೇಗೆ ಕೇಳಿಸಿತು ಎಂದು ಯಾವ ಕಡೆಯಿಂದ ಯೋಚಿಸಿದರೂ ತಿಳಿಯುವುದಿಲ್ಲ. ಆ ಕಟ್ಟಡ ಇದ್ದ ಜಾಗದಲ್ಲಿ ಈಗ ಗಾಜಿನ ಗೋಪುರ ಎದ್ದಿದೆಯಂತೆ. ಕೆಂಪು ನೂಲಿನ ಕೀ ನನ್ನ ಹತ್ತಿರವೇ ಉಂಟು. ಬೋವಿಕಾನದ ಈ ಮನೆಗೆ ಸುತ್ತ ಅಂಗಳ, ಯಾರ ಗೋಡೆಯೂ ತಾಗುವುದಿಲ್ಲ. ಆದರೂ ಹನ್ನೆರಡೂ ಕಾಲಾಗುವಾಗ ಅಡಿಗೆಮನೆಯಲ್ಲಿದ್ದರೆ ಮಿಕ್ಸಿ ನಿಲ್ಲಿಸುತ್ತೇನೆ, ಕುಕ್ಕರಿನ ಉರಿ ಸಣ್ಣ ಮಾಡುತ್ತೇನೆ. ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತೇನೆ. ಯಾರೂ ಬಡಿಯುವುದಿಲ್ಲ.