ಚೆಂದವಾಗಿಬಿಟ್ಟ ಬಾಡಿಗೆ ಮನೆ

ಗೆಳತಿಯರೇ, ಇವತ್ತು ಕೈಯಾರೆ ಮನೆ ಕಳೆದುಕೊಳ್ಳುತ್ತಿದ್ದೆ. ನನ್ನ ಗಂಡನಿಗೆ ಶ್ರೀರಂಗಪಟ್ಟಣದ ಕೋಟೆಯಲ್ಲಿ ಬಡಗಿ ಕೆಲಸ. ಕಿಕ್ಕೇರಿಯಿಂದ ಬಂದು ಕೋಟೆ ಹೊರಗಿನ ಗಂಜಾಮಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ ಹಿಡಿದಿದ್ದೇವೆ. ಹೊಗೆ ಹಿಡಿದ ಗೋಡೆ ನೋಡಲಾಗದೆ, ಕರಿಘಟ್ಟ ಬೆಟ್ಟದ ಬುಡದಿಂದ ಕೆಮ್ಮಣ್ಣು ಹೊತ್ತು ತಂದು ಸಾರಿಸಿ, ಸುಣ್ಣದಲ್ಲಿ ಬಳ್ಳಿ, ಗಿಳಿ ಬರೆದೆ. ಮಧ್ಯಾಹ್ನ ಮನೆಯೊಡತಿ ಗೌಡತಿ ಬಂದು ಬಾಗಿಲಲ್ಲೇ ನಿಂತರು.

“ಏನವ್ವಾ, ಇಷ್ಟು ಚೆಂದಾಗ್ಬುಟ್ಟದೆ. ಇಲ್ಲಿ ನನ್ ಮಗ ಸೊಸೇನೆ ಇರುಸ್ತೀನಿ. ನೀವು ಬೇರೆ ಕಡೆ ನೋಡ್ಕಳಿ.”

“ಅವ್ವಾ, ನೀವಿರೋ ಮನೆ ಗೋಡೆಗೂ ಬರ್ಕೊಡ್ತೀನಿ, ನಮ್ಮನ್ನ ಬುಡುಸ್ಬ್ಯಾಡಿ” ಎಂದೆ.

“ಇದ್ಕಿಂತ ಚೆಂದಾಗಿ ಬಂದ್ರೆ ಇರಿ” ಎಂದು ಗೌಡತಿ ಹೋದರು.

ನಾಳೆ ಅವರ ಮನೆಯಲ್ಲಿ ಬರೆಯಬೇಕು. ಯಾವುದಕ್ಕೂ ಇರಲಿ ಎಂದು ನಮ್ಮ ಗೋಡೆಯ ಗಿಳಿಗಳ ಕೊಕ್ಕನ್ನು ಕೊಂಚ ಸೊಟ್ಟ ಮಾಡಿದ್ದೇನೆ.