ದಿನಕ್ಕೊಂದು ಬೀದಿ

ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರ್ ಮನೆಯಿಂದ ಹೊರಬೀಳುವುದೇ ಅಪರೂಪ. ಮುನ್ನೂರ ಹನ್ನೆರಡು ವೆಬ್‌ಸೈಟುಗಳ ಫೀಡ್ ಹಾಕಿಕೊಂಡಿದ್ದಾರೆ. ಯಾವುದರಲ್ಲಿ ಹೊಸದೇನು ಬಂದರೂ ತಾನಾಗಿ ಅವರ ಪರದೆಗೆ ಬಂದು ಬೀಳುತ್ತದೆ. 'ಎಲ್ಲಾ ಕಾಲಬುಡಕ್ಕೇ ಬರ್ತಿರುವಾಗ ಚಪ್ಪಲಿ ಸವೆಸೋದ್ಯಾಕೆ?' ಎನ್ನುತ್ತಾರೆ. ಗಡಿಯಾರ ರಿಪೇರಿ, ಜೇಡಗಳ ಫೋಟೊ, ಯಾವುದೋ ಬಂದರಿಗೆ ಬಂದ ಹಡಗುಗಳ ಪಟ್ಟಿ, ಒಂದನ್ನೂ ಬಿಡದೆ ಓದಿ ಊಟಕ್ಕೆ ಕೂತಾಗ ತಂಗಿಗೆ ಒಪ್ಪಿಸುತ್ತಾರೆ. ಮೊದಲು ಕಿವಿಗೇ ಹಾಕಿಕೊಳ್ಳದಿದ್ದ ತಂಗಿ ಈಚೆಗೆ ತುತ್ತು ನಿಲ್ಲಿಸಿ ಕೇಳುತ್ತಿದ್ದಾಳೆ. ಹೆಸರು ಹಾಕದ ಯಾರೋ ದಿನಕ್ಕೊಂದು ಬೀದಿಯನ್ನು ವರ್ಣಿಸುವ ಸೈಟೊಂದಿದೆ. ಆರು ವರ್ಷದಿಂದ ಅದನ್ನು ಓದುತ್ತಿರುವವರು ತಾವೊಬ್ಬರೇ ಎಂದು ಬೈಂಡರ್ ನಂಬಿದ್ದಾರೆ. ಮೊದಲೆಲ್ಲ ಎಲ್ಲೆಲ್ಲಿಯವೋ ಬೀದಿಗಳು. ಹೋದ ವಾರ ಇವರದೇ ಊರಿನ ರೈಲು ನಿಲ್ದಾಣ, ಮೊನ್ನೆ ಮೂಲೆಯ ಔಷಧಿ ಅಂಗಡಿ, ನಿನ್ನೆ ಎದುರುಮನೆಯ ಮುರಿದ ಗೇಟು. ಇವತ್ತು ಮಧ್ಯಾಹ್ನ ಬಂದದ್ದು ಒಂದೇ ಸಾಲು: 'ಹಸಿರು ಬಾಗಿಲು, ಒಳಗಿನಿಂದ ಅಂಟಿನ ವಾಸನೆ.' ತಂಗಿ ಎದ್ದುಬಿದ್ದು ಓಡಿ ಚಿಲಕ ಹಾಕಿದಳು. ಬೈಂಡರ್ ಸದ್ದಿಲ್ಲದೆ ಹಿಂದೆಯೇ ಹೋಗಿ ಅದನ್ನು ತೆಗೆದರು. 'ಬೇಡ ಕಣೇ,' ಎಂದರು, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತ. 'ಈ ಮನೆಗೆ ಜನ ಅಂತ ಒಬ್ರು ಬಂದು ಎಷ್ಟು ವರ್ಷ ಆಯ್ತು, ಹೇಳು?'